ಮೈಕಿನ ಮುಂದೆ ನುಂಗಿದ ಮಾತು

ಅವರೆಕಾಯಿಯ ಕಾಲ ಬಂತೆಂದರೆ ನಮ್ಮ ಮನೆಯಲ್ಲಿ ಟಿವಿಯ ಮುಂದೆ ಒಂದು ಹಳೆಯ ಸೀರೆ ಹಾಸಿಯೇ ಇರುತ್ತದೆ. ನನ್ನವರು ರಾಮನಗರದ ಮಾರ್ಕೆಟ್ಟಿನಿಂದ ಚೀಲ ತುಂಬ ತಂದು ಸುರಿಯುತ್ತಾರೆ. ಸುಲಿಯುವ ಪಾಲು ಅತ್ತೆಯದು ಮತ್ತು ನನ್ನದು. ಮೊನ್ನೆ ಭಾನುವಾರ ಮಧ್ಯಾಹ್ನ ನನ್ನವರು ರಿಮೋಟು ಒತ್ತುತ್ತ ಒತ್ತುತ್ತ ಸೋಫಾದ ಮೇಲೆಯೇ ನಿದ್ದೆಹೋದರು. ಚಾನೆಲ್ಲು ಎಲ್ಲಿತ್ತೋ ಅಲ್ಲಿಯೇ ನಿಂತಿತು. ಕಪ್ಪುಬಿಳುಪಿನ ಇಂಗ್ಲಿಷ್ ಸಿನಿಮಾ. ಬೋಳು ಬಂಡೆಗಳ ನಡುವೆ ಟೋಪಿ ಹಾಕಿದ ಇಬ್ಬರು ಗಂಡಸರು ಬಾವಿ ತೋಡುತ್ತಿದ್ದರು.

ನನ್ನ ಹೆಬ್ಬೆರಳು ಕಾಯಿಯೊಳಗೇ ನಿಂತುಬಿಟ್ಟಿತು.

"ಏನಂತಾವ್ನವ್ವ ಅವ್ನು?" ಎಂದರು ಅತ್ತೆ.

ಉತ್ತರ ಹೇಳುವ ಮೊದಲು ನಿಮಗೊಂದು ವಿಷಯ ಹೇಳಬೇಕು. ಅವರೆಕಾಯಿಯ ಸೊಗಡು ನಿಮ್ಮನ್ನು ಅಜ್ಜಿಯ ಅಡುಗೆಮನೆಗೆ ಕರೆದೊಯ್ಯಬಹುದು. ನನ್ನನ್ನು ಮಾತ್ರ ಅದು ಚನ್ನಪಟ್ಟಣದ ನಮ್ಮ ಕಾನ್ವೆಂಟಿನ ಪ್ರೇಯರ್ ಹಾಲಿಗೆ ಎಳೆದುಕೊಂಡು ಹೋಗುತ್ತದೆ.

ಆಗ ನಾನು ಒಂಬತ್ತನೇ ಕ್ಲಾಸು. ಕ್ರಿಸ್ಮಸ್ ರಜೆಗೆ ಮುಂಚೆ ತಾಯಂದಿರನ್ನೆಲ್ಲ ಕರೆದು ಒಂದು ಇಂಗ್ಲಿಷ್ ಸಿನಿಮಾ ತೋರಿಸಬೇಕೆಂದು ಹೆಡ್ ಸಿಸ್ಟರಿಗೆ ಆಸೆಯಾಯಿತು. ಬೆಂಗಳೂರಿನಿಂದ ರೀಲು ಬಂತು. ಬಂದ ಮೇಲೆ ಹೊಳೆಯಿತು, ತಾಯಂದಿರಿಗೆ ಇಂಗ್ಲಿಷ್ ಬರುವುದಿಲ್ಲ ಎಂದು. ಆದ್ದರಿಂದ ಪರದೆಯ ಪಕ್ಕ ಒಬ್ಬ ಹುಡುಗಿ ಮೈಕು ಹಿಡಿದು ಕತೆಯನ್ನು ಕನ್ನಡದಲ್ಲಿ ಹೇಳುವುದು ಎಂದಾಯಿತು. ಮುಂಚೆಯೇ ಒಮ್ಮೆ ಸಿನಿಮಾ ನೋಡಿ ಅದನ್ನು ಕನ್ನಡದಲ್ಲಿ ಬರೆಯುವ ಕೆಲಸ ನನಗೂ ನನ್ನ ಗೆಳತಿ ಪುಟ್ಟತಾಯಿಗೂ ಬಂತು. ಅವಳು ಮಾಗಡಿ ಕಡೆಯ ಕಲ್ಯದವಳು, ಹಾಸ್ಟೆಲಿನಲ್ಲಿದ್ದಳು. ನನಗೆ ಇಂಗ್ಲಿಷ್ ತಿಳಿಯುತ್ತಿತ್ತು. ಅವಳಿಗೆ ಕತೆ ತಿಳಿಯುತ್ತಿತ್ತು. ಎರಡೂ ಬೇರೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ಸಿನಿಮಾದ ಕತೆ ಇಷ್ಟು. ನೀರಿಲ್ಲದ ಊರಿನಲ್ಲಿ ಇಬ್ಬರು ಗೆಳೆಯರು ಸೇರಿ ಬಾವಿ ತೋಡುತ್ತಾರೆ. ನೀರು ಬಂದಾಗ ಒಬ್ಬ ದಣಿದು ಮಲಗಿರುತ್ತಾನೆ. ಇನ್ನೊಬ್ಬ ಕುದುರೆ ಹತ್ತಿ ಹೋಗಿ ಬಾವಿಯನ್ನು ತನ್ನೊಬ್ಬನ ಹೆಸರಿಗೆ ಬರೆಸಿಕೊಳ್ಳುತ್ತಾನೆ. ಊರೇ ಅವನ ಕೈಗೆ ಬರುತ್ತದೆ. ಒಂದು ಸುಳ್ಳಿನ ಮೇಲೆ ಇನ್ನೊಂದು ಸುಳ್ಳು. ಕಡೆಗೆ ಹೆಂಡತಿಯೂ ಬಿಟ್ಟುಹೋಗಿ, ಇಪ್ಪತ್ತು ಜನ ಕೂರುವ ಮೇಜಿನ ಮುಂದೆ ಒಬ್ಬನೇ ಊಟಕ್ಕೆ ಕೂರುತ್ತಾನೆ.

ಅವನು ಕುದುರೆ ಹತ್ತುವ ಜಾಗದಲ್ಲಿ ಸಿನಿಮಾದಲ್ಲಿ ಮಾತೇ ಇಲ್ಲ. ಬರೀ ಗಾಳಿಯ ಸದ್ದು. "ಇಲ್ಲೇನು ಬರೆಯೋದು?" ಎಂದೆ ನಾನು. ಪುಟ್ಟತಾಯಿ ಪೆನ್ಸಿಲ್ ಕಚ್ಚಿಕೊಂಡು ಸ್ವಲ್ಪ ಹೊತ್ತು ಕೂತಿದ್ದು ಬರೆದಳು: "ತೋಡುವಾಗ ಇಬ್ಬರ ಬೆವರೂ ಒಂದೇ ಗುಂಡಿಗೆ ಬಿತ್ತು. ನೀರು ಬಂದಾಗ ಮಾತ್ರ ಒಬ್ಬನಿಗೇ ಬಾಯಾರಿತು."

ನೋಟ್‌ಬುಕ್ ಓದಿದ ಹೆಡ್ ಸಿಸ್ಟರ್ ಬೆರಳಿಟ್ಟಿದ್ದು ಆ ಸಾಲಿನ ಮೇಲೆಯೇ. "ಯಾರು ಬರೆದದ್ದು ಇದನ್ನು? ಬರೆದವಳೇ ಮೈಕು ಹಿಡಿಯಲಿ."

"ನಾನು, ಸಿಸ್ಟರ್" ಎಂದೆ.

ಯಾಕೆ ಅಂದೆನೋ! ಆ ಮೈಕು ಹೊಸದು, ಬೆಳ್ಳಗೆ ಹೊಳೆಯುತ್ತಿತ್ತು. ಇದಕ್ಕಿಂತ ದೊಡ್ಡ ಕಾರಣ ಈಗಲೂ ನನಗೆ ಸಿಕ್ಕಿಲ್ಲ. ಪಕ್ಕದಲ್ಲಿ ನಿಂತಿದ್ದ ಪುಟ್ಟತಾಯಿ ನನ್ನ ಮುಖವನ್ನೊಮ್ಮೆ ನೋಡಿ, ಬಗ್ಗಿ, ಬಿಚ್ಚಿಕೊಳ್ಳದಿದ್ದ ಶೂ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡಳು.

ಸಿನಿಮಾದ ದಿನ ಕಿಟಕಿಗಳಿಗೆಲ್ಲ ಹಾಸ್ಟೆಲಿನ ಕಂಬಳಿ ಕಟ್ಟಿ ಹಾಲನ್ನು ಕತ್ತಲು ಮಾಡಿದರು. ತಾಯಂದಿರು ಬಂದರು, ಮಡಿಲಲ್ಲಿ ಅವರೆಕಾಯಿ ಕಟ್ಟಿಕೊಂಡು! ಎರಡು ಗಂಟೆ ಕೈ ಕಟ್ಟಿ ಕೂರುವುದೆಂದರೇನು? ಸಿನಿಮಾ ನೋಡಿದಂತೆಯೂ ಆಯಿತು, ಕಾಳು ಬಿಡಿಸಿದಂತೆಯೂ ಆಯಿತು. ಪರದೆಯ ಮೇಲೆ ಬಂಡೆ ಕಂಡಿದ್ದೇ ಒಬ್ಬಾಕೆ, "ಅಯ್ಯೋ, ಇದು ನಮ್ ರಾಮನಗ್ರದ ಬೆಟ್ಟ ಅಲ್ವಾ?" ಎಂದಳು. ಇನ್ನೊಬ್ಬಾಕೆ, "ಬೆಟ್ಟ ನಮ್ದೇ ಕಣಕ್ಕ, ಟೋಪಿ ಮಾತ್ರ ಅವ್ರದು" ಎಂದಳು.

ನಾನು ಚೆನ್ನಾಗಿಯೇ ಹೇಳುತ್ತಿದ್ದೆ. ಅವನು ಕುದುರೆ ಹತ್ತುವ ಜಾಗ ಬಂತು. "ತೋಡುವಾಗ ಇಬ್ಬರ ಬೆವರೂ ಒಂದೇ ಗುಂಡಿಗೆ ಬಿತ್ತು" ಎಂದೆ. ಕಾಳು ಸುಲಿಯುವ ಸದ್ದು ನಿಂತಿತು. ಕತ್ತಲಲ್ಲಿ ಯಾರೋ, "ಇವ್ನೇನೋ ಮಾಡ್ತಾನೆ ನೋಡ್ರವ್ವ, ಪಕ್ಕದಲ್ಲಿದ್ದೋರ ಬಾಯಿಗೆ ಮಣ್ಣಾಕೋ ಜಾತಿ" ಎಂದರು. ಮೊದಲ ಸಾಲಿನ ತುದಿಯಲ್ಲಿ ಪುಟ್ಟತಾಯಿ ಕೂತಿದ್ದಳು. ಎರಡನೆಯ ವಾಕ್ಯ ನನ್ನ ಗಂಟಲಿನಿಂದ ಮೇಲೆ ಬರಲಿಲ್ಲ.

"ಅವನು ಕಚೇರಿಗೆ ಹೋಗಿ ಬಾವಿಯನ್ನು ಇಬ್ಬರ ಹೆಸರಿಗೂ ಬರೆಸಿದ" ಎಂದುಬಿಟ್ಟೆ.

"ಪುಣ್ಯಾತ್ಮ!" ಎಂದರು ಹಾಲಿನಲ್ಲಿದ್ದವರೆಲ್ಲ. ಕಾಳು ಸುಲಿಯುವ ಸದ್ದು ಮತ್ತೆ ಶುರುವಾಯಿತು.

ಆದರೆ ಸಿನಿಮಾ ನನ್ನ ಮಾತು ಕೇಳಬೇಕಲ್ಲ? ಅದು ತನ್ನ ದಾರಿಯಲ್ಲಿ ತಾನು ಹೋಯಿತು. ದೀಪ ಹಾಕಿದ ಮೇಲೆ ತಾಯಂದಿರು ನನ್ನನ್ನು ಸುತ್ತಿಕೊಂಡರು. "ಅಲ್ಲ ಮಗಾ, ಅಂಥ ಧರ್ಮಾತ್ಮಂಗೆ ಯಾಕವ್ವ ಒಂಟಿ ಊಟ?" ನಾನು ತಡವರಿಸುತ್ತಿರುವಾಗ ಒಬ್ಬಾಕೆ ತೀರ್ಮಾನ ಕೊಟ್ಟಳು: "ಇನ್ನೇನು? ಎಂಡ್ರು ಸರಿ ಇಲ್ಲ." ಎಲ್ಲರೂ ಒಪ್ಪಿದರು. ತಪ್ಪೇ ಮಾಡದ ಆ ಹೆಂಗಸಿಗೆ ಹಾಲು ಖಾಲಿಯಾಗುವವರೆಗೂ ಬೈಗುಳ ಬಿತ್ತು. ನನ್ನನ್ನು ಉಳಿಸಿಕೊಳ್ಳಲು ಹೋಗಿ ಸಮುದ್ರದಾಚೆಯ ಒಬ್ಬಳ ಮಾನ ಕಳೆದಿದ್ದೆ.

ಪುಟ್ಟತಾಯಿ ಕಂಬಳಿ ಮಡಿಸುತ್ತಿದ್ದಳು. ನಾನು ಇನ್ನೊಂದು ತುದಿ ಹಿಡಿದೆ. ಅವಳು ತಲೆ ಎತ್ತದೆ ಹೇಳಿದಳು: "ನನ್ನೆಸ್ರು ನುಂಗಿದ್ದು ಇರ್ಲಿ ಕಣಮ್ಮಿ. ಕತೆ ಯಾಕೆ ಕೆಡಿಸ್ಬುಟ್ಟೆ?"

ಆ ಮಾತು ಅಲ್ಲಿಗೇ ನಿಂತಿತು. ಅವಳೀಗ ಕಲ್ಯದಲ್ಲಿ ಅಂಗನವಾಡಿ ಟೀಚರ್. ಹಬ್ಬಕ್ಕೆ ಫೋನು ಮಾಡುತ್ತೇವೆ. ಮಂಡಿ ನೋವು, ಮಕ್ಕಳ ಓದು, ಎಲ್ಲ ಮಾತಾಡುತ್ತೇವೆ. ಬಾವಿಯ ಹತ್ತಿರ ಮಾತ್ರ ಇಬ್ಬರೂ ಸುಳಿಯುವುದಿಲ್ಲ. ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಅಂದುಕೊಂಡು ಸಾರಿನ ಪುಡಿಯ ಅಳತೆ ಕೇಳಿ ಫೋನು ಇಟ್ಟಿದ್ದೇನೆ.

"ಏನಂದ್ನವ್ವ? ಒಸಿ ಹೇಳಬಾರ್ದಾ?" ಅತ್ತೆ ಮತ್ತೆ ಕೇಳಿದರು.

ಸೆರಗಿಗೆ ಕೈ ಒರೆಸಿಕೊಂಡು ಹೇಳತೊಡಗಿದೆ. ನೀರು ಬಂತು, ಗೆಳೆಯ ಮಲಗಿದ, ಇವನು ಕುದುರೆಯ ಹತ್ತಿರ ಹೋದ. ಅದೇ ಗಾಳಿಯ ಸದ್ದು. ಇಷ್ಟು ವರ್ಷ ಗಂಟಲಲ್ಲಿದ್ದ ವಾಕ್ಯ ಈ ಸಲ ಹೊರಗೆ ಬಂತು. "ತೋಡುವಾಗ ಇಬ್ಬರ ಬೆವರೂ ಒಂದೇ ಗುಂಡಿಗೆ ಬಿತ್ತು ಅತ್ತೆ. ನೀರು ಬಂದಾಗ ಮಾತ್ರ ಒಬ್ಬನಿಗೇ ಬಾಯಾರಿತು."

ಅತ್ತೆಯ ಕೈ ನಿಂತಿತು. "ಥೂ, ಅವ್ನ ಮನೆ ಹಾಳಾಗ!" ಎಂದರು. ಆಮೇಲೆ ಆ ಮಾತನ್ನೇ ತಮ್ಮಷ್ಟಕ್ಕೆ ಇನ್ನೊಮ್ಮೆ ಹೇಳಿಕೊಂಡು, "ಚೆನ್ನಾಗೈತೆ. ಈ ಮಾತ ಬರ್ದೋರ್ಯಾರವ್ವ?" ಎಂದರು.

ನಾನು ಫೋನು ತೆಗೆದುಕೊಂಡೆ. ಕಲ್ಯದಲ್ಲಿ ಫೋನು ರಿಂಗಾಯಿತು. "ಏನಮ್ಮಿ, ಹಬ್ಬ ಇನ್ನೂ ದೂರ ಐತಲ್ಲ?" ಎಂದಳು ಪುಟ್ಟತಾಯಿ. ಸ್ಪೀಕರಿಗೆ ಹಾಕಿ ಫೋನನ್ನು ಅವರೆಸಿಪ್ಪೆಯ ಪಕ್ಕ ಇಟ್ಟೆ.

"ಅತ್ತೆ, ಬರ್ದೋಳು ಇವ್ಳೇ, ಪುಟ್ಟತಾಯಿ. ಸಿಸ್ಟರ್ ಕೇಳಿದಾಗ ನಾನು ಅಂತ ಸುಳ್ಳು ಹೇಳಿದ್ದೆ. ಪುಟ್ಟಿ, ಬಾವಿ ಸಿನಿಮಾ ಬರ್ತಾ ಇದೆ ಕಣೆ. ಈಗ ತಾನೆ ಕುದುರೆ ಹತ್ತಿದ."

ಫೋನಿನಲ್ಲಿ ಪುಟ್ಟತಾಯಿ ಗಂಟಲು ಸರಿಮಾಡಿಕೊಂಡ ಸದ್ದು ಬಂತು.

"ಕೇಳವ್ವ ಅಮ್ಮ," ಎಂದಳು ಅತ್ತೆಗೆ. "ಕಚೇರೀಲಿ ಬರ್ಸಿದ್ದು ಅವ್ನೊಬ್ಬನ ಹೆಸ್ರಿಗೇ. ಎಂಡ್ತಿದೇನೂ ತಪ್ಪಿಲ್ಲ."