ಬಾಗಿಲಿನ ಅಳತೆ

ಹೋದ ವಾರ ಕಲಬುರಗಿಯ ಅಂಗಡಿಯೊಂದರಲ್ಲಿ ನನ್ನ ಹಳೆಯ ಬೈಕಿನ ಸೀಟು ಬಿಚ್ಚಿಸಿದೆ. ಹರಿದ ರೆಕ್ಸಿನ್ ಎತ್ತುತ್ತಲೇ ಅಂಟಿಸುವ ಸಲೂಷನ್ನಿನ ಹಳೆಯ ಘಾಟು ಮೂಗಿಗೆ ಬಡಿಯಿತು. ಸೀಟಿನ ಅಡಿಯ ಸಂದಿನಿಂದ ಎರಡು ಗೇಣಿನ ಜೋಳದ ದಂಟೊಂದು ಕೆಳಗೆ ಬಿತ್ತು. ಅಂಗಡಿಯವನು ಕಸವೆಂದು ಎಸೆಯಹೋದ. ನಾನು ಕಸಿದುಕೊಂಡೆ.

ನನ್ನ ಎತ್ತರ ಆರೂವರೆ ಅಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ನನ್ನ ಕಾಲಿಗೆ ಸಾಲುವ ಹಾಸಿಗೆ ನಮ್ಮೂರು ಮಟಕಿಯ ಮನೆಯಲ್ಲಿ ಎಂದೂ ಇರಲಿಲ್ಲ. ಬಾಗಿಲು, ಬಸ್ಸು, ಶಾಲೆಯ ಬೆಂಚು, ಎಲ್ಲ ಕಡೆ ಮಡಚಿಕೊಂಡೇ ಬೆಳೆದೆ. ದನದ ಡಾಕ್ಟರಾಗಿ ಅಫಜಲಪುರಕ್ಕೆ ಹೋದಾಗ ಡಾಂಬರಿಗೂ ಕಚ್ಚಾ ದಾರಿಗೂ ಆಗುವ ಎತ್ತರದ ಬೈಕು ಕೊಂಡೆ. ಅದೂ ನನಗೆ ಗಿಡ್ಡವೇ! ಹ್ಯಾಂಡಲ್ ತಿರುಗಿಸಿದರೆ ಮೊಣಕಾಲಿಗೆ ಬಡಿಯುತ್ತಿತ್ತು. ಹವಳಗಾದಂಥ ಹಳ್ಳಿ ಮುಟ್ಟಿ ಇಳಿಯುವಷ್ಟರಲ್ಲಿ ಕಾಲಿಗೆ ಜೋಮು ಹಿಡಿದು ನೆಲವೇ ತಿಳಿಯುತ್ತಿರಲಿಲ್ಲ.

ಅಫಜಲಪುರದಲ್ಲಿ ಸೀಟು ಹೊಲಿಯುವವರೊಬ್ಬರಿದ್ದರು. ಎಲ್ಲರಿಗೂ ಅವರು ಸೀಟಿನ ಮಾಮಾ. ಅವರೂ ಹೆಚ್ಚುಕಡಿಮೆ ನನ್ನಷ್ಟೇ ಉದ್ದದವರೆಂದು ಮೊದಲ ದಿನ ಗೊತ್ತೇ ಆಗಲಿಲ್ಲ. ತಗಡಿನ ಡಬ್ಬಿ ಅಂಗಡಿಯೊಳಗೆ ತಲೆ ತಗ್ಗಿಸಿ, ನಡು ಬಾಗಿಸಿ, ದಿನವಿಡೀ ರೆಕ್ಸಿನ್ ಜಗ್ಗುತ್ತ ನಿಂತಿರುತ್ತಿದ್ದರು. ಗಿರಾಕಿಯ ಅಳತೆಯನ್ನು ಅವರು ಜೋಳದ ದಂಟಿನಿಂದ ತೆಗೆಯುತ್ತಿದ್ದರು. ಸೊಂಟದಿಂದ ಮೊಣಕಾಲಿಗೊಂದು ದಂಟು, ಅಲ್ಲಿಂದ ಹಿಮ್ಮಡಿಗೊಂದು, ಮುರಿದು ದಾರ ಕಟ್ಟಿ ಇಡುತ್ತಿದ್ದರು.

ಮೊದಲ ಸೀಟು ಸರಿಯಾಗಲಿಲ್ಲ. ನಾಲ್ಕು ಬೆರಳು ಎತ್ತರವಾಗಿದ್ದರೂ ಅದೇ ಜೋಮು. ಮಾಮಾ ನನ್ನನ್ನು ಬೈಕಿನ ಮೇಲೆ ಕೂರಿಸಿ ಬಹಳ ಹೊತ್ತು ನೋಡಿದರು.

"ತಪ್ಪಾಗ್ಯಾದ್ರಿ ಸಾಹೇಬ್ರ. ನೀವು ನನ್ನಂಗ ಬಾಗೇ ಕುಂತೀರಿ. ನಾ ತಗೊಂಡಿದ್ದು ನಿಮ್ಮ ಅಳತಿ ಅಲ್ಲ, ಬಾಗಿಲದ ಅಳತಿ."

ನನ್ನ ಬೆನ್ನ ಮೇಲೆ ಕೈಯಿಟ್ಟು, "ನೆಟ್ಟಗ ಕುಂದರ್ರಿ. ಇಲ್ಲಿ ಮ್ಯಾಲ ಏನೂ ಇಲ್ಲ, ಅಂಜಬ್ಯಾಡ್ರಿ" ಎಂದರು. ಮತ್ತೆ ಅಳೆದರು. ಸೀಟು ಇನ್ನಷ್ಟು ಏರಿತು, ಕಾಲಿಡುವ ಕಂಬಿ ಕೆಳಗಿಳಿಯಿತು, ಹ್ಯಾಂಡಲ್ ಅಡಿಗೆ ಲೇತಿನಲ್ಲಿ ಮಾಡಿಸಿದ ಕಬ್ಬಿಣದ ತುಂಡು ಬಂತು. ಮರುದಿನ ತೊಗರಿ ಹೊಲಗಳ ನಡುವೆ ನೆಟ್ಟಗೆ ಕೂತು ಹೋಗುವಾಗ ಒಬ್ಬನೇ ಕೂಗಿಬಿಟ್ಟೆ. ನನ್ನ ಮೈಗೆ ಜಾಗ ಸಿಕ್ಕಿದ್ದು ಜೀವನದಲ್ಲಿ ಅದೇ ಮೊದಲು.

ಹೇಳಲು ಹೋದರೆ ಮಾಮಾ ನಡು ಹಿಡಿದುಕೊಂಡು ಕೂತಿದ್ದರು. ಹೀಗೇ ಬಾಗಿ ದುಡಿದರೆ ಬೆನ್ನು ಕಟ್ಟಿಕೊಳ್ಳುತ್ತದೆ, ಆಮೇಲೆ ಏಳುವುದಿಲ್ಲ ಎಂದು ದವಾಖಾನೆಯಲ್ಲಿ ಹೇಳಿದ್ದರಂತೆ. ನನ್ನ ದೊಡ್ಡಪ್ಪನ ಮಗನಿಗೆ ಆಳಂದದಲ್ಲಿ ವೆಲ್ಡಿಂಗ್ ಅಂಗಡಿಯಿದೆ. ಅವನನ್ನು ಕರೆತಂದು ಡಬ್ಬಿಯ ಮೇಲಿನ ತಗಡು ಎತ್ತರಿಸಿಕೊಡುತ್ತೇನೆ ಎಂದೆ. ಮಾಮಾ ಹೊರಗೆ ಬಂದು, ಡಬ್ಬಿಯ ಅಂಚು ಹಿಡಿದು, ನಿಧಾನಕ್ಕೆ ನೆಟ್ಟಗಾದರು. ತಗಡಿಗಿಂತ ಅವರ ನೆತ್ತಿ ಎರಡು ಗೇಣು ಮೇಲಿತ್ತು. ಈ ಸಲ ಆ ಅಳತೆಗೆ ದಂಟು ಹಿಡಿದು ಮುರಿದವನು ನಾನು. ಮರೆಯಬಾರದೆಂದು ಸೀಟಿನ ಅಡಿಗೆ ಸಿಕ್ಕಿಸಿದೆ.

"ಮುಂದಿನ ವಾರ ಕರ್ಕೊಂಡು ಬರ್ತೇನಿ ಮಾಮಾ."

"ಆಗ್ಲಿ ಸಾಹೇಬ್ರ. ಗಡಬಡಿ ಇಲ್ಲ."

ಮುಂದಿನ ವಾರ ದನಗಳಿಗೆ ಕಾಲುಬಾಯಿ ಜ್ವರ ಬಂತು. ಆಮೇಲೆ ಯಡ್ರಾಮಿಗೆ ವರ್ಗವಾಯಿತು. ಆಮೇಲೆ... ನೆಪಗಳಿಗೇನು ಬರ. ಅಫಜಲಪುರಕ್ಕೆ ಹೋದಾಗಲೂ ಆ ಓಣಿ ಬಿಟ್ಟು ಬೇರೆ ಓಣಿಯಲ್ಲಿ ಹಾಯುತ್ತಿದ್ದೆ.

ಎರಡು ವರ್ಷದ ಮೇಲೆ ಧೈರ್ಯ ಮಾಡಿ ಅವರ ಅಂಗಡಿಯ ಮುಂದೆ ನಿಂತೆ. ಮಾಮಾ ಡಬ್ಬಿಯಿಂದ ಹೊರಗೆ ಬಂದರು, ಆದರೆ ಬಾಗಿದ ಬೆನ್ನು ಹೊರಗೂ ಹಾಗೇ ಇತ್ತು. ಅವರ ಮುಖ ನೋಡಲು ನಾನೇ ಬಾಗಬೇಕಾಯಿತು. ತಗಡಿನ ಮಾತು ಅವರು ಎತ್ತಲೇ ಇಲ್ಲ.

"ಈಗ ಮೊಣಕಾಲಿಗೆ ಬಡಿಯಂಗಿಲ್ಲಲ್ರಿ ಸಾಹೇಬ್ರ?" ಎಂದು ಕೇಳಿದರು.

ಇಲ್ಲ ಮಾಮಾ ಎಂದೆ.

ಮಾಮಾ ತೀರಿಹೋಗಿ ಈಗ ಒಂದು ವರ್ಷವಾಯಿತಂತೆ. ಡಬ್ಬಿಯಲ್ಲೀಗ ಮೊಬೈಲ್ ರಿಪೇರಿ ಅಂಗಡಿ, ತಗಡು ಅದೇ ಎತ್ತರದಲ್ಲಿದೆ. ಕಲಬುರಗಿಯ ಅಂಗಡಿಯವನು ಹೊಸ ಸೀಟಿಗೆ ಟೇಪು ಹಿಡಿದು, "ನೆಟ್ಟಗ ಕುಂದರ್ರಿ ಸರ" ಎಂದ. ದಂಟು ಇನ್ನೂ ಕೈಯಲ್ಲಿತ್ತು. ನೆಟ್ಟಗೆ ಕೂರಲು ನನಗೆ ನಾಚಿಕೆಯಾಯಿತು.