ಮೂರು ಡಿಸ್ಕು, ನಾಲ್ಕು ಬಣ್ಣದ ದಾರ

ಇವತ್ತು ಖಂಡೇನವಮಿ. ಬೆಳಿಗ್ಗೆ ನರ್ಸರಿಯ ಬಾಗಿಲಿಗೆ ತೋರಣ ಕಟ್ಟುವಾಗ ಒಂದು ಮಾವಿನೆಲೆ ಹರಿಯಿತು. ನೀವಾಗಿದ್ದರೆ ಎಸೆದುಬಿಡುತ್ತಿದ್ದಿರಿ. ನಾನು ಅದನ್ನು ಅಂಗೈಯಲ್ಲಿ ತಿಕ್ಕಿ ಮೂಗಿಗೆ ಹಿಡಿದೆ. ಐದು ವರ್ಷದಿಂದ ಅಂಟಿಕೊಂಡ ಚಟ ಇದು. ಮದುವೆಮನೆಗೆ ಹೋದರೂ ಹಂದರದ ಎಲೆ ಕಿತ್ತು ಮೂಸುತ್ತೇನೆಂದು ನನ್ನ ತಂಗಿ ಶಾರದಾ ಬೀಗರ ಮುಂದೆಲ್ಲ ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ. ಈ ವಾಸನೆ ಒಂದು ವರ್ಷ ನನ್ನ ಮಾನ ಕಾಯ್ದಿದೆ.

ಹಾನಗಲ್ಲಿನಲ್ಲಿ ನಮ್ಮದೊಂದು ಮಾವಿನ ಸಸಿಗಳ ನರ್ಸರಿ ಇದೆ. ನಮ್ಮ ಅತ್ತೆಯವರು ಶುರುಮಾಡಿದ್ದು, ಈಗ ನಾನು ನಡೆಸುತ್ತೇನೆ. ಒಳ್ಳೆಯ ಮರದಿಂದ ಒಂದು ಕಡ್ಡಿ ತಂದು ಗೊರಟೆಯಿಂದ ಹುಟ್ಟಿದ ಸಸಿಗೆ ಕಟ್ಟಿದರೆ ಅದು ಮುಂದೆ ಕಡ್ಡಿ ಕೊಟ್ಟ ತಾಯಿಮರದ ಹಣ್ಣನ್ನೇ ಬಿಡುತ್ತದೆ. ನಮ್ಮ ತಾಯಿಮರಗಳು ಹಾನಗಲ್ಲಿನಲ್ಲಿ ಕೆಲವು, ತಡಸದಲ್ಲಿ ಕೆಲವು, ಬಂಕಾಪುರ, ಹಿರೇಕೆರೂರಿನ ಕಡೆ ಇನ್ನು ಕೆಲವು, ಪರಿಚಯದ ರೈತರ ತೋಟಗಳಲ್ಲಿವೆ. ಒಂದು ಮರದ ಹಣ್ಣು ಸೀಕರಣೆಗೇ ಸೈ, ಇನ್ನೊಂದರ ಕಾಯಿ ಉಪ್ಪಿನಕಾಯಿಗೇ ಸೈ. ಆದರೆ ಮೊಳಕಾಲೆತ್ತರದ ಸಸಿಗಳು ಸಾಲಾಗಿ ನಿಂತಾಗ ಎಲ್ಲವೂ ಒಂದೇ ತರಹ. ಅದಕ್ಕೇ ಪ್ರತಿ ಸಸಿಗೊಂದು ನಂಬರಿನ ಚೀಟಿ. ಯಾವ ನಂಬರು ಯಾವ ಮರದ್ದೆಂಬ ಪಟ್ಟಿ ನನ್ನ ಕಂಪ್ಯೂಟರಿನಲ್ಲಿ.

ಆ ಪಟ್ಟಿಯ ಬಗ್ಗೆ ನನಗಿದ್ದ ಗರ್ವ ನೀವು ನೋಡಬೇಕಿತ್ತು. ಹಾವೇರಿಯಲ್ಲಿ ಎರಡು ದಿನದ ತರಬೇತಿಗೆ ಹೋಗಿ ಬಂದವಳು ನಾನು. ಒಂದೇ ಕಡೆ ಇಟ್ಟ ಮಾಹಿತಿ ಇಲ್ಲದ ಮಾಹಿತಿಗೆ ಸಮ ಎಂದು ಅಲ್ಲಿ ಕಲಿಸಿದ್ದರು. ಹಾಗಾಗಿ ಮೂರು ಪ್ರತಿ ಮಾಡಿದೆ. ಒಂದು ಕಂಪ್ಯೂಟರಿನಲ್ಲೇ. ಇನ್ನೊಂದು ಹಾರ್ಡ್ ಡಿಸ್ಕಿನಲ್ಲಿ, ನಮ್ಮ ಮನೆಯ ಜೋಳದ ಹಿಟ್ಟಿನ ಡಬ್ಬಿಯ ಹಿಂದೆ. ಮೂರನೆಯದು ಅಂತಹದೇ ಇನ್ನೊಂದು ಡಿಸ್ಕಿನಲ್ಲಿ, ಹಿರೇಕೆರೂರಿನ ಶಾರದಾಳ ಟ್ರಂಕಿನೊಳಗೆ, ಅವಳ ಧಾರೆ ಸೀರೆಯ ಕೆಳಗೆ. ಇಂಟರ್ನೆಟ್ಟಿನಲ್ಲೂ ಒಂದಿಷ್ಟು ಜಾಗ ಹಿಡಿದಿದ್ದೆ. ಜಾಗ ತುಂಬಿದೆ ಎಂದು ಫೋನು ದಿನಾ ಬೆಳಿಗ್ಗೆ ಹೇಳುತ್ತಿತ್ತು. ನಾನೂ ದಿನಾ ಬೆಳಿಗ್ಗೆ ಅದನ್ನು ಬೆರಳಿನಿಂದ ಆಚೆ ತಳ್ಳಿ ಚಹಾ ಕುಡಿಯುತ್ತಿದ್ದೆ.

ನಮ್ಮಲ್ಲಿ ಕಸಿ ಕಟ್ಟುತ್ತಿದ್ದವರು ಇಮಾಮಸಾಬ ಚಾಚಾ. ಸವಣೂರಿನವರು. ಅತ್ತೆಯವರ ಕಾಲದಿಂದ ದಿನಾ ಬಸ್ಸಿಗೆ ಬಂದು, ಬೇಲಿಗೆ ಟೋಪಿ ಸಿಕ್ಕಿಸಿ, ಬುಟ್ಟಿ ಮಗುಚಿ ಅದರ ಮೇಲೆ ಕುಳಿತು ಕೆಲಸ ಮಾಡಿದವರು. ಅವರಿಗೊಂದು ಅಭ್ಯಾಸವಿತ್ತು. ನಾನು ನಂಬರಿನ ಚೀಟಿ ಕಟ್ಟಿದ ಮೇಲೂ ಅವರು ಪ್ರತಿ ಸಸಿಗೆ ತಮ್ಮದೊಂದು ದಾರ ಕಟ್ಟುವರು: ತಡಸದ ಕಡ್ಡಿಗೆ ಕೆಂಪು, ಬಂಕಾಪುರದ್ದಕ್ಕೆ ಹಸಿರು, ಹಿರೇಕೆರೂರಿನದಕ್ಕೆ ಹಳದಿ, ಹಾನಗಲ್ಲಿನದಕ್ಕೆ ಬಿಳಿ. ಹೆಂಡತಿಯ ಹೊಲಿಗೆ ಯಂತ್ರದ ಉಂಡೆಗಳಿಂದ ತಂದ ದಾರ. ಇದು ಎರಡನೇ ಕೆಲಸ, ಕಂಪ್ಯೂಟರ್ ಇರುವಾಗ ಯಾಕೆ ಎಂದು ನಾನು ಎಷ್ಟು ಸಲ ರೇಗಿಸಿದ್ದೇನೋ. ಅವರು ತಲೆ ಎತ್ತದೆ ಹೇಳುತ್ತಿದ್ದರು, “ಇರಲಿ ಬಿಡ್ರಿ ಅಕ್ಕಾರ. ಅದಕ್ಕ ಒಂದಿನ ಜ್ವರ ಬಂದ್ರ ಯಾರನ್ನ ಕೇಳೂನು?”

ಜ್ವರ ಬಂದದ್ದು ಖಂಡೇನವಮಿಯ ದಿನವೇ, ಐದು ವರ್ಷದ ಹಿಂದೆ. ನಿಮಗೆ ಗೊತ್ತಲ್ಲ, ಅವತ್ತು ಕುಡುಗೋಲಿನಿಂದ ಹಿಡಿದು ಸೈಕಲ್ಲಿನವರೆಗೆ ದುಡಿಯುವ ಸಾಮಾನಿಗೆಲ್ಲ ಪೂಜೆ. ಹಿಂದಿನ ದಿನ ಕಸಿ ಚಾಕು, ಕತ್ತರಿ, ನೀರಿನ ಪಂಪು ಎಲ್ಲವನ್ನೂ ಒರೆಸಿಡುವಾಗ ನನ್ನ ಮನಸ್ಸಿಗೆ ಬಂತು: ವರ್ಷವಿಡೀ ಮೂಲೆಯಲ್ಲಿ ಕುಳಿತು ದುಡಿಯುವ ಆ ಎರಡು ಡಿಸ್ಕುಗಳಿಗೆ ಪೂಜೆ ಬೇಡವೇ? ಮನೆಯದನ್ನು ತಂದೆ. ಆಗಲೇ ಶಾರದಾಳಿಗೂ ಫೋನು ಮಾಡಿದೆ. ಇಲ್ಲೇ ಟ್ರಂಕಿನ ಮುಂದೆ ಊದುಬತ್ತಿ ಹಚ್ಚುತ್ತೇನೆ, ಅದೊಂದಕ್ಕಾಗಿ ಬಸ್ಸು ಹತ್ತಲೇನು ಎಂದು ಅವಳು ಗೊಣಗಿದಳು. ಉಳಿದವು ಪೂಜೆ ಮಾಡಿಸಿಕೊಳ್ಳುವಾಗ ಅದೊಂದು ಅನಾಥನ ಹಾಗೆ ಇರಬೇಕೇ ಎಂದು ನಾನೇ ಹಟ ಹಿಡಿದು ಕರೆಸಿದೆ. ಒಂದೇ ಮೇಜು, ಅದರ ಮೇಲೆ ಚಾಲೂ ಇದ್ದ ಕಂಪ್ಯೂಟರು, ಅದರ ಮುಂದೆ ತಟ್ಟೆಯಲ್ಲಿ ಎರಡು ಡಿಸ್ಕು, ಎಲ್ಲಕ್ಕೂ ಬಣ್ಣದ ಕಾಗದದ ಮಾಲೆ. ತಟ್ಟೆಯ ಅಂಚಿಗೆ ದೀಪ. ನೋಡಲು ಎಷ್ಟು ಚೆಂದವಿತ್ತೆಂದರೆ ಫೋಟೋ ತೆಗೆದೆ.

ಫೋಟೋ ತೆಗೆಯುವಾಗಲೇ ನನ್ನ ಸೆರಗು ದೀಪಕ್ಕೆ ತಾಗಿ ಅದು ಉರುಳಿತು. ಮಾಲೆ ಭಗ್ ಎಂದು ಹತ್ತಿತು. ಇಡೀ ಬಕೆಟ್ಟು ನೀರು ಸುರಿದೆ. ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ಡಿಸ್ಕುಗಳನ್ನು ಸೆರಗಿನಿಂದ ಒರೆಸಿ, ಉಳಿದಿವೆಯೇ ನೋಡೋಣವೆಂದು ಶಾರದಾಳ ಮೊಬೈಲಿನ ಚಾರ್ಜರಿಗೆ ಒಂದಾದ ಮೇಲೊಂದು ಚುಚ್ಚಿದೆ. ಎರಡೂ ಚಿಟ್ ಎಂದವು. ಹುಬ್ಬಳ್ಳಿಯ ರಿಪೇರಿಯವನು ಮೂರನ್ನೂ ಬಿಚ್ಚಿ ನೋಡಿ, ಬೆಂಕಿ ಏನೂ ಮಾಡಿಲ್ಲ, ಹಾಳಾದದ್ದು ನೀರಿನಿಂದ ಮತ್ತು ಆಮೇಲೆ ಕರೆಂಟು ಕೊಟ್ಟದ್ದರಿಂದ ಎಂದ. ಕೊಟ್ಟವರು ಯಾರೆಂದು ಕೇಳಿದ. ನಾನು ಗೋಡೆಯ ಕ್ಯಾಲೆಂಡರು ನೋಡಿದೆ.

ನರ್ಸರಿಯಲ್ಲಿ ಆರುನೂರು ಸಸಿಗಳು ನಿಂತಿದ್ದವು. ಮುಂದಿನ ಮಳೆಗಾಲಕ್ಕೆ ಕೊಡುತ್ತೇನೆಂದು ಊರೂರಿನವರಿಗೆ ಮಾತು ಕೊಟ್ಟಾಗಿತ್ತು. ಜಾಗ ತುಂಬಿದ್ದರಿಂದ ಇಂಟರ್ನೆಟ್ಟಿಗೆ ಈ ಪಟ್ಟಿ ಏರಿರಲೇ ಇಲ್ಲ. ಚೀಟಿಗಳ ಮೇಲೆ ನಂಬರಿದ್ದವು, ನಂಬರಿಗೆ ಅರ್ಥವಿರಲಿಲ್ಲ. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ನನ್ನ ಬಾಯಿಂದ ಬರಬಾರದ ಮಾತು ಬಂತು.

“ಚಾಚಾ, ಎಲ್ಲಾನೂ ಆಪೂಸ ಅಂತ ಕೊಟ್ಟಬಿಡೂಣೇನು? ಯಾರಿಗಿ ಗೊತ್ತಾಗತೈತಿ?”

ಅವರು ಚಾಕು ಒರೆಸಿ ಮಡಚಿದರು. “ಈಗ ಯಾರಿಗೂ ಗೊತ್ತಾಗಂಗಿಲ್ಲರಿ. ನಾಕ ವರ್ಷಕ್ಕ ಹಣ್ಣ ಬಿಡತೈತಲ್ಲ, ಆವಾಗ ಗೊತ್ತಾಗತೈತಿ. ಅವರು ತೋಟಕ್ಕ ಕರದು ಇದೇನವಾ ಅಂತ ಕೇಳಿದ್ರ ನೀವ ಹೋಗ್ರಿ ಅಕ್ಕಾರ. ನಾ ಬರಂಗಿಲ್ಲ.”

ಅವತ್ತೇ ನಿರ್ಧಾರ ಮಾಡಿದೆ: ಗೊತ್ತಿಲ್ಲದ ಒಂದು ಸಸಿಯೂ ಈ ಗೇಟು ದಾಟಬಾರದು, ಗೊತ್ತಿರುವುದನ್ನು ಹುಡುಕದೆ ನಾನು ಕೂರಬಾರದು.

ದಾರಗಳು ಊರು ಹೇಳಿದವು. ಊರಿನಲ್ಲಿ ಯಾವ ಮರ ಎಂಬುದನ್ನು ಎಲೆ ಹೇಳಬೇಕಿತ್ತು. ಪ್ರತಿ ನಂಬರಿನ ಸಸಿಯಿಂದ ಒಂದೊಂದು ಎಲೆ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಇಬ್ಬರೂ ಹೊರಟೆವು. ಮೊದಲು ತಡಸ, ಆಮೇಲೆ ಬಂಕಾಪುರ. ಮರದ ಕೆಳಗೆ ನಿಂತು ಅದರ ಎಲೆಯನ್ನು ಒಂದು ಕೈಯಲ್ಲಿ, ಸಸಿಯದನ್ನು ಇನ್ನೊಂದು ಕೈಯಲ್ಲಿ ತಿಕ್ಕಿ ಮೂಸುವುದು. ಒಂದರಲ್ಲಿ ಸೋಂಪಿನ ಕಾಳಿನ ವಾಸನೆ, ಒಂದರಲ್ಲಿ ಹಸಿ ಅರಿಸಿನದ್ದು, ಇನ್ನೊಂದು ಬರೀ ಖಾರ. ಚಾಚಾ ಹೇಳುವುದು, ನಾನೂ ಮೂಸಿ ಹೌದೆನ್ನುವುದು, ಇಬ್ಬರೂ ಒಪ್ಪಿದರೆ ಮಾತ್ರ ನೋಟುಬುಕ್ಕಿಗೆ ಬರೆಯುವುದು. ಮೊದಮೊದಲು ನನಗೆ ಎಲ್ಲವೂ ಮಾವಿನೆಲೆಯ ವಾಸನೆಯೇ. ಬಂಕಾಪುರದ ತೋಟದ ಅಜ್ಜಿಯೊಬ್ಬಳು ನಮ್ಮಿಬ್ಬರನ್ನೂ ಬಹಳ ಹೊತ್ತು ನೋಡಿ, ನೆಗಡಿಗೆ ಇದು ಚಲೋ ಔಷಧವೇ ಎಂದು ಕೇಳಿದಳು. ಶಿಗ್ಗಾವಿಯ ಬಸ್‌ಸ್ಟ್ಯಾಂಡಿನಲ್ಲಿ ಕುಳಿತು ಮಿರ್ಚಿ ತಿಂದ ದಿನ ಮಾತ್ರ ಕೆಲಸ ಕೆಟ್ಟಿತು; ಸಂಜೆಯವರೆಗೂ ಮೂಗಿಗೆ ಬರೀ ಎಣ್ಣೆಯ ಘಾಟು. ಆಮೇಲೆ ಬುತ್ತಿಯಲ್ಲಿ ಮೊಸರನ್ನ ಒಯ್ದೆವು. ಯುಗಾದಿಯ ಹೊತ್ತಿಗೆ ಪಟ್ಟಿ ಮತ್ತೆ ಎದ್ದು ನಿಂತಿತು.

ಪೂರ್ತಿ ಅಲ್ಲ. ಬಿಸಿಲಿಗೆ ಹಳದಿ ದಾರ ಬಣ್ಣ ಬಿಟ್ಟು ಬಿಳಿಯದರ ಜೊತೆ ಕಲೆತುಹೋದ ನಲವತ್ತು ಸಸಿಗಳಿದ್ದವು. ಎಲೆಯ ವಾಸನೆಯೂ ಅಕ್ಕತಂಗಿಯರ ಹಾಗೆ. ಚಾಚಾ ಒಂದು ಹೇಳಿದರೆ ನಾನು ಇನ್ನೊಂದು. ಅವನ್ನು ಯಾರಿಗೂ ಕೊಡಲಿಲ್ಲ. ನಮ್ಮ ಹಿತ್ತಲ ಹೊಲದಲ್ಲೇ ನೆಟ್ಟು, ಪಟ್ಟಿಯಲ್ಲಿ ಅವುಗಳ ಮುಂದೆ ‘ಗೊತ್ತಿಲ್ಲ’ ಎಂದು ಬರೆದೆ. ಹಾಗೆ ಬರೆಯಲು ಎಷ್ಟು ಹೊಟ್ಟೆ ಉರಿಯಿತೋ ನನಗೇ ಗೊತ್ತು.

ಈ ಬೇಸಿಗೆ ಅವು ಹಣ್ಣು ಬಿಟ್ಟವು. ಚಾಚಾನಿಗೆ ಈಗ ಕಣ್ಣು ಮಂಜು, ಸವಣೂರಿನ ಮನೆಯಲ್ಲೇ ಇರುತ್ತಾರೆ. ಬುಟ್ಟಿಯಲ್ಲಿ ಹಣ್ಣು ತುಂಬಿಕೊಂಡು ಹೋದೆ. ಒಂದೊಂದನ್ನೂ ಮೂಸಿ, ಹಿಂಡಿ, ಚೀಪಿ ಮರದ ಹೆಸರು ಹೇಳಿದರು. ನಾನು ಅಲ್ಲೇ ಕುಳಿತು ‘ಗೊತ್ತಿಲ್ಲ’ ಎಂಬುದನ್ನು ನಲವತ್ತು ಸಲ ಅಳಿಸಿದೆ. ಹೊರಡುವಾಗ ಅವರು ಹೆಂಡತಿಯ ಡಬ್ಬಿಯಿಂದ ನಾಲ್ಕು ದಾರದ ಉಂಡೆ ತೆಗೆಸಿ ಕೈಗಿಟ್ಟರು. ಹಳದಿ ಈ ಸಲ ಪಕ್ಕಾ ಬಣ್ಣದ್ದು, ತೊಳೆದು ನೋಡಿದ್ದೇನೆ ಎಂದರು.

ಈಗ ಪ್ರತಿ ತಿಂಗಳ ಮೊದಲ ಸೋಮವಾರ ಎಲ್ಲ ಪ್ರತಿಗಳನ್ನೂ ತೆರೆದು ನೋಡುತ್ತೇವೆ. ತೆರೆಯದ ಪ್ರತಿಯನ್ನು ನಾನು ನಂಬುವುದಿಲ್ಲ. ಹಿರೇಕೆರೂರಿನಲ್ಲಿ ಶಾರದಾ ತನ್ನದನ್ನು ತೆರೆದು ಕೊನೆಯ ಸಾಲು ಓದಿ ಹೇಳುತ್ತಾಳೆ. ಇಂಟರ್ನೆಟ್ಟಿನ ಜಾಗಕ್ಕೆ ಬಾಡಿಗೆ ಕಟ್ಟುತ್ತೇನೆ, ಫೋನು ಬೆಳಿಗ್ಗೆ ಏನಾದರೂ ಹೇಳಿದರೆ ಚಹಾ ಆರಿದರೂ ಸರಿ ಮೊದಲು ಓದುತ್ತೇನೆ.

ಈಗಷ್ಟೇ ಅವಳ ಫೋನು ಬಂದಿತ್ತು. ಪ್ರತಿ ವರ್ಷದ ಹಾಗೆ ಕೆಣಕುವ ದನಿ. “ಅಕ್ಕಾ, ಡಿಸ್ಕ್ ತರ್ಲೇನ? ಪೂಜಿಗಿ?”

“ಟ್ರಂಕಿಂದ ತಗದೀ ಅಂದ್ರ ನೋಡು” ಎಂದೆ.

ಪೂಜೆಯ ಮೇಜಿನ ಮೇಲೆ ಇವತ್ತು ಕಂಪ್ಯೂಟರು ಮಾತ್ರ ಇದೆ, ಅದೂ ಆರಿಸಿದ್ದು. ಡಿಸ್ಕುಗಳಿದ್ದ ತಟ್ಟೆಯಲ್ಲಿ ಚಾಚಾ ಕೊಟ್ಟ ನಾಲ್ಕು ದಾರದ ಉಂಡೆಗಳನ್ನಿಟ್ಟು ಕುಂಕುಮ ಹಚ್ಚಿದ್ದೇನೆ. ದೀಪವನ್ನು ಹೊರಗೆ ತುಳಸಿಕಟ್ಟೆಯ ಮೇಲಿಟ್ಟಿದ್ದೇನೆ. ಅಲ್ಲಿಂದಲೂ ಬೆಳಕು ಬರುತ್ತದೆ.