ಫೋನಿನೊಳಗಿನ ಕನ್ನಡ

ಲಕ್ವ ಹೊಡೆದದ್ದು ಬಲಗೈಗೆ. ಕಾಲಿಗೂ ಸ್ವಲ್ಪ ತಗುಲಿತ್ತು, ಆದರೆ ಕಾಲಿನ ಮೇಲೆ ನನಗೆ ಅಂಥ ಸಿಟ್ಟಿರಲಿಲ್ಲ. ದರ್ಜಿಗೆ ಕಾಲು ಹೋದರೆ ಮೋಟಾರಿನ ಮಿಷನ್ ಇದೆ. ಬಲಗೈ ಹೋದರೆ ಕತ್ತರಿ ಹಿಡಿಯುವುದು ಹೇಗೆ?

ನಾನು ಐದನೇ ಕ್ಲಾಸಿಗೇ ಶಾಲೆ ಬಿಟ್ಟು, ಮೈಸೂರಿನ ಶಿವರಾಂಪೇಟೆಯ ಒಂದು ಟೈಲರ್ ಅಂಗಡಿಯಲ್ಲಿ ಕಾಜಾ ಹೊಲಿಯಲು ಕುಳಿತವನು. ಅಲ್ಲಿಂದ ಕಟಿಂಗ್ ಮಾಸ್ಟರ್ ಆಗುವವರೆಗೆ ಬಂದೆ. ಹೆಂಡತಿಯ ತಮ್ಮ ಇಲ್ಲಿಗೆ, ಅಮೆರಿಕಕ್ಕೆ, ಬಂದು ನೆಲೆಯಾಗಿ ತನ್ನ ಅಕ್ಕನನ್ನು ಕರೆಸಿಕೊಂಡಾಗ, ಅಕ್ಕನ ಜೊತೆ ಬಂದ ಲಗೇಜು ನಾನು. ಹಾಗೆಂದು ಅವನೇ ತಮಾಷೆ ಮಾಡುತ್ತಿದ್ದ. ಬಂದ ತಿಂಗಳಲ್ಲೇ ಶೋರ್‌ಲೈನ್ ಎಂಬ ಊರಿನ ಒಂದು ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೆಲಸ ಹಿಡಿದೆ. ಪ್ಯಾಂಟಿನ ಉದ್ದ ಕಮ್ಮಿ ಮಾಡುವುದು, ಕೋಟಿನ ಸೊಂಟ ಬಿಗಿ ಮಾಡುವುದು, ಮದುವೆ ಹೆಣ್ಣಿನ ಗೌನು ಸಡಿಲ ಮಾಡುವುದು. ಆ ಕೋಣೆಯಲ್ಲೇ ತಲೆ ಬೆಳ್ಳಗಾಯಿತು. ಅಷ್ಟು ವರ್ಷ ಯಾರ ಮುಂದೆಯೂ ಕೈ ಚಾಚಿದವನಲ್ಲ.

ನಮಗೆ ಮಕ್ಕಳಾಗಲಿಲ್ಲ. ಲಕ್ವ ಹೊಡೆಯುವ ಮೊದಲೇ ಹೆಂಡತಿ ತೀರಿಕೊಂಡಿದ್ದಳು. ಅವಳು ಹೋದ ಮೇಲೆ ಮನೆಯಲ್ಲಿ ಕನ್ನಡ ನಿಂತುಹೋಯಿತು. ಭಾನುವಾರ ಭಾಮೈದ ವುಡಿನ್‌ವಿಲ್‌ನಿಂದ ಸಾಮಾನು ತಂದುಕೊಟ್ಟು ಹೋಗುವಾಗ ಒಂದಿಷ್ಟು ಮಾತು. ಅವನ ಮಕ್ಕಳು ಜೊತೆಗೆ ಬಂದರೆ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದವು. ಉಳಿದ ದಿನ ನಾನು, ನನ್ನ ಮಿಷನ್, ಕಿಟಕಿಯಾಚೆ ಪಾರ್ಕಿಂಗ್ ಜಾಗ. ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲೆ. ಆಮೇಲೆ ಕಿಟಕಿಯಲ್ಲಿ ನನ್ನದೇ ಮುಖ ಕಾಣುತ್ತಿತ್ತು, ಅದಕ್ಕೇ ಪರದೆ ಎಳೆದುಬಿಡುತ್ತಿದ್ದೆ.

ಮೆಡಿಕೇಡ್ ಮಾತು ತೆಗೆದವನು ಭಾಮೈದನೇ.

"ಭಾವ, ಮನೆಗೇ ಜನ ಕಳಿಸ್ತಾರೆ. ಸ್ನಾನಕ್ಕೆ ಹಿಡ್ಕೋತಾರೆ, ಬಟ್ಟೆ ಹಾಕ್ತಾರೆ, ಅಡುಗೆನೂ ಮಾಡ್ತಾರೆ. ಅಪ್ಲೈ ಮಾಡ್ತೀನಿ."

"ಅದು ಇಲ್ಲದೋರಿಗೆ ಸರ್ಕಾರ ಕೊಡೋದಲ್ವೇನಪ್ಪ?"

"ಹೌದು. ನೀವೇನು ಮೈಸೂರು ಮಹಾರಾಜರಾ?"

"ನಂಗ್ಯಾಕೆ ಧರ್ಮದ್ದು."

"ಇಷ್ಟು ವರ್ಷ ಟ್ಯಾಕ್ಸ್ ಕಟ್ಟಿದೀರಲ್ಲ, ಅದೇ ವಾಪಸ್ ಬರ್ತಿದೆ ಅಂದ್ಕೊಳಿ. ಒಬ್ರು ಕೇಸ್ ಮ್ಯಾನೇಜರ್ ಬರ್ತಾರೆ, ನಿಮ್ಮ ಕೈಲಿ ಏನಾಗತ್ತೆ ಏನಾಗಲ್ಲ ಅಂತ ಕೇಳ್ತಾರೆ. ಆಗದೇ ಇರೋದು ಎಷ್ಟೋ ಅದರ ಮೇಲೆ ತಿಂಗಳಿಗೆ ಇಷ್ಟು ಗಂಟೆ ಅಂತ ಜನ ಕೊಡ್ತಾರೆ. ಅಷ್ಟೇ."

ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದ. "ಇದ್ದದ್ದು ಇದ್ದ ಹಾಗೆ ಹೇಳಿ ಭಾವ. ನಿಮ್ಮ ಬಿಗುಮಾನ ತೋರಿಸೋ ಜಾಗ ಅಲ್ಲ ಅದು. ನಾನೂ ಬರ್ತಿದ್ದೆ, ಆವತ್ತು ಆಫೀಸಲ್ಲಿ ತಪ್ಪಿಸ್ಕೊಳ್ಳೋ ಹಾಗಿಲ್ಲ."

ಅವನು ಬರದೇ ಇದ್ದದ್ದೇ ಒಳ್ಳೆಯದಾಯಿತು ಎಂದುಕೊಂಡೆ.

ಅವರು ಬರುವ ದಿನ ಬೆಳಗ್ಗೆ ಬೇಗ ಎದ್ದೆ. ಮನೆಗೆ ಹೊಸಬರು ಬರುವಾಗ ಬನಿಯನ್ನಿನಲ್ಲಿ ಕೂರುವುದು ನನ್ನಿಂದ ಆಗದ ಮಾತು, ಅದರಲ್ಲೂ ನಾನು ಬಟ್ಟೆಯ ಕೆಲಸದವನು. ನಾನೇ ಹೊಲಿದ ತಿಳಿ ನೀಲಿ ಶರ್ಟನ್ನು ತೆಗೆದು, ಎಡಗೈಯಲ್ಲೇ ಇಸ್ತ್ರಿ ಮಾಡಿ ಹಾಕಿಕೊಂಡೆ. ಗುಂಡಿ ಹಾಕುವುದು ಎಡಗೈ ಒಂದರಿಂದ ಆಗುವ ಕೆಲಸವಲ್ಲ. ಗುಂಡಿಯನ್ನು ಕಾಜಾದ ಬಾಯಿಗೆ ತಂದು ಹೆಬ್ಬೆರಳಿನಲ್ಲಿ ನೂಕಬೇಕು, ಆಗ ಬಟ್ಟೆಯನ್ನು ಆಚೆಯಿಂದ ಎಳೆದು ಹಿಡಿಯುವ ಇನ್ನೊಂದು ಕೈ ಬೇಕು. ಶರ್ಟಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೆ, ಮೇಜಿನ ಮೂಲೆಗೆ ಒತ್ತಿ ಹಿಡಿದೆ. ಕೊನೆಯ ಗುಂಡಿ ಹಾಕುವ ಹೊತ್ತಿಗೆ ಕಾಫಿ ಆರಿ ಕೆನೆ ಕಟ್ಟಿತ್ತು, ಬೆನ್ನೆಲ್ಲಾ ಬೆವತಿತ್ತು. ಬಾಗಿಲು ತಟ್ಟಿದಾಗ ಮಾತ್ರ ನಾನು ಕುರ್ಚಿಯಲ್ಲಿ ಮದುವೆ ಮನೆಯ ಬೀಗರ ಹಾಗೆ ಕುಳಿತಿದ್ದೆ.

ಬಂದಾಕೆ ನಡುವಯಸ್ಸಿನ ಅಮೆರಿಕದ ಹೆಂಗಸು. ಒಳ್ಳೆಯವಳೇ. ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು, ಫೋನಿನ ಸ್ಪೀಕರ್ ಹಾಕಿ ನಮ್ಮಿಬ್ಬರ ನಡುವೆ ಇಟ್ಟಳು. ಅದರೊಳಗಿಂದ ಕನ್ನಡ ಬಂತು.

"ನಮಸ್ಕಾರ. ನಾನು ಕನ್ನಡ ಇಂಟರ್‌ಪ್ರಿಟರ್. ಅವರು ಹೇಳಿದ್ದನ್ನ ನಿಮಗೆ, ನೀವು ಹೇಳಿದ್ದನ್ನ ಅವರಿಗೆ ಪೂರ್ತಿ ಹೇಳ್ತೀನಿ."

ಹುಡುಗಿಯ ದನಿ. ಎಳೆಯದು. ನಮ್ಮ ಮೈಸೂರಿನ ಕಡೆಯದೇ, ಮಾತಿನ ಕೊನೆಯನ್ನು ಅಷ್ಟು ಮೆತ್ತಗೆ ಬಿಡುವವರು ಬೇರೆ ಯಾರೂ ಇಲ್ಲ. ಫೋನಿನ ಕಡೆ ಬಗ್ಗಿ ಕೇಳಿದೆ, "ಯಾವೂರಮ್ಮ ನಿಮ್ದು?"

ಫೋನಿನಲ್ಲಿ ಇಂಗ್ಲಿಷು ಕೇಳಿಸಿತು. ಎದುರಿಗಿದ್ದಾಕೆ ನಕ್ಕು ಏನೋ ಹೇಳಿದಳು.

"ಯಾಕಿಮಾ," ಎಂದಿತು ಫೋನು. "ಬೆಟ್ಟ ದಾಟಿ ಆಚೆ ಹೋದ್ರೆ ಸಿಗತ್ತೆ. ಸೇಬಿನ ತೋಟ ಜಾಸ್ತಿ."

"ಅವರನ್ನಲ್ಲಮ್ಮ, ನಿಮ್ಮನ್ನ ಕೇಳಿದ್ದು."

"ಗೊತ್ತಾಯ್ತು ಅಂಕಲ್. ಆದ್ರೆ ನನ್ನ ವಿಷ್ಯ ನಾನು ಮಾತಾಡೋ ಹಾಗಿಲ್ಲ. ನೀವು ಏನಂದ್ರೂ ಅವರಿಗೆ ಹೇಳ್ಲೇಬೇಕು. ಈಗ ಇದನ್ನೂ ಹೇಳ್ಬೇಕು." ಹೇಳಿದಳು. ಆಕೆ ಮತ್ತೆ ನಕ್ಕಳು.

ಪ್ರಶ್ನೆಗಳು ಶುರುವಾದವು. ಮೊದಮೊದಲು ನಿದ್ದೆ, ಊಟ, ಮಾತ್ರೆ. ಆಮೇಲೆ ಮೈಗೆ ಹತ್ತಿರ ಬರತೊಡಗಿದವು.

"ಸ್ನಾನ ಒಬ್ಬರೇ ಮಾಡ್ತೀರಾ? ಟಬ್ಬಿನ ಒಳಗೆ ಹೋಗೋಕೆ, ಹೊರಗೆ ಬರೋಕೆ ಯಾರಾದ್ರೂ ಹಿಡ್ಕೋಬೇಕಾ?"

ನಾನು ಟಬ್ಬಿನೊಳಗೆ ಕಾಲಿಟ್ಟು ತಿಂಗಳುಗಳೇ ಆಗಿದ್ದವು. ಸಿಂಕಿನ ಮುಂದೆ ನಿಂತು ಒದ್ದೆ ಟವೆಲಿನಲ್ಲಿ ಮೈ ಒರೆಸಿಕೊಳ್ಳುತ್ತಿದ್ದೆ.

"ಒಬ್ನೇ ಮಾಡ್ತೀನಮ್ಮ."

"ಬಟ್ಟೆ ಹಾಕ್ಕೊಳ್ಳೋದು? ಗುಂಡಿ, ಜಿಪ್ಪು?"

ಕೇಸ್ ಮ್ಯಾನೇಜರ್ ನನ್ನ ಶರ್ಟನ್ನು ನೋಡಿದಳು. ಕಾಲರಿನಿಂದ ಕೆಳಗಿನವರೆಗೆ ಒಂದೂ ತಪ್ಪಿರಲಿಲ್ಲ.

"ನಂದೇ ಕಸುಬು ಅದು. ನಾನೇ ಹಾಕ್ಕೋತೀನಿ."

ಆಮೇಲೆ ಫೋನಿನ ದನಿ ತಗ್ಗಿತು. "ಅಂಕಲ್, ಅವರು ಕೇಳ್ತಿರೋದು... ಟಾಯ್ಲೆಟ್‌ಗೆ ಹೋಗಿ ಬಂದ್ಮೇಲೆ ಕ್ಲೀನ್ ಮಾಡ್ಕೊಳ್ಳೋಕೆ ಕಷ್ಟ ಆಗತ್ತಾ? ಹೋಗೋಷ್ಟರಲ್ಲಿ ಯಾವಾಗ್ಲಾದ್ರೂ ಲೇಟಾಗತ್ತಾ?"

ಈಗ ಯೋಚಿಸಿದರೆ, ಆ ಪ್ರಶ್ನೆ ಇಂಗ್ಲಿಷಿನಲ್ಲಿ ಬಂದಿದ್ದರೆ ಹೂಂ ಅನ್ನುತ್ತಿದ್ದೆನೋ ಏನೋ. ಕನ್ನಡದಲ್ಲಿ ಬಂತು, ಮಗಳ ವಯಸ್ಸಿನ ಹುಡುಗಿಯ ಬಾಯಿಂದ. ನಮ್ಮಲ್ಲಿ ಗಂಡಸು ಅಂಥ ಮಾತನ್ನು ಹೆತ್ತ ಮಗಳ ಮುಂದೆಯೂ ಆಡುವುದಿಲ್ಲ, ಹೆಂಡತಿಯ ಮುಂದೆ ಸುತ್ತಿ ಬಳಸಿ ಆಡುತ್ತಾನೆ. ಅದೂ ಅಲ್ಲದೆ ಆ ಹುಡುಗಿ ನನ್ನನ್ನು ಅಂಕಲ್ ಎಂದು ಕರೆದಿದ್ದಳು. ಅವಳ ಕಣ್ಣಿಗೆ ನಾನು ಕಾಣುತ್ತಿರಲಿಲ್ಲ, ಕಾಣುತ್ತಿದ್ದದ್ದು ನನ್ನ ಮಾತು ಮಾತ್ರ. ಆ ಮಾತಾದರೂ ಚೊಕ್ಕಟವಾಗಿರಲಿ ಎನ್ನಿಸಿತು.

"ಏನೂ ತೊಂದ್ರೆ ಇಲ್ಲಮ್ಮ. ಎಲ್ಲಾ ನಾನೇ ಮಾಡ್ಕೋತೀನಿ."

"ಎಲ್ಲಾನೂ?"

"ಎಲ್ಲಾನೂ."

ಹುಡುಗಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಆಕೆ ಟೈಪ್ ಮಾಡಿಕೊಂಡಳು. ಕೊನೆಗೆ ಫೋನಿನ ಹುಡುಗಿ, "ಸರಿ ಅಂಕಲ್, ಆರೋಗ್ಯ ನೋಡ್ಕೊಳಿ," ಎಂದಳು. ಅದು ಆಕೆ ಹೇಳಿದ್ದೋ, ಇವಳೇ ಸೇರಿಸಿದ್ದೋ ತಿಳಿಯಲಿಲ್ಲ. ಫೋನು ಕಟ್ಟಾಯಿತು. ಅವತ್ತು ಸಂಜೆಯವರೆಗೆ ನಾನು ಖುಷಿಯಾಗಿಯೇ ಇದ್ದೆ, ಎಷ್ಟೋ ದಿನದ ಮೇಲೆ ಒಂದು ಒಳ್ಳೆಯ ಮಾತುಕತೆ ಆದ ಹಾಗೆ.

ಕೆಲವು ವಾರಗಳ ನಂತರ ಭಾಮೈದ ಬಂದವನು ಬೂಟು ಕೂಡ ಬಿಚ್ಚಲಿಲ್ಲ.

"ಏನು ಹೇಳಿದ್ರಿ ಭಾವ ನೀವು? ನಿಮಗೆ ಯಾರ ಸಹಾಯನೂ ಬೇಕಾಗಿಲ್ಲ ಅಂತ ಲೆಟರ್ ಬಂದಿದೆ."

"ಕೇಳಿದ್ದಕ್ಕೆ ಹೇಳ್ದೆ."

"ಗುಂಡಿ?"

"ಹಾಕ್ಕೊಂಡಿದ್ನಲ್ಲ."

ಅವನು ಸೋಫಾದಲ್ಲಿ ಕುಳಿತು ಮುಖ ಉಜ್ಜಿಕೊಂಡ. "ಅಕ್ಕ ಇದ್ದಿದ್ರೆ ಇವತ್ತು ನಿಮ್ಮ ಶರ್ಟನ್ನ ಕಿಟಕಿಯಿಂದ ಆಚೆ ಎಸೀತಿದ್ಲು."

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಭಾನುವಾರ, ಬಚ್ಚಲಲ್ಲಿ ಬಿದ್ದೆ. ಮೂಳೆ ಮುರಿಯಲಿಲ್ಲ. ಎದ್ದೇಳಲು ಮಾತ್ರ ಆಗಲಿಲ್ಲ, ಭಾಮೈದ ಬರುವವರೆಗೆ ಟೈಲ್ಸಿನ ಮೇಲೆ ಟವೆಲು ಹೊದ್ದು ಮಲಗಿದ್ದೆ. ನನ್ನನ್ನು ಎತ್ತಿ ಕೂರಿಸುವಾಗ ಅವನು ಬೈಯಲಿಲ್ಲ. ಅದರಿಂದ ಹೆದರಿಕೆಯಾಯಿತು.

ಮುಂದಿನ ಶನಿವಾರ ಅವನು ನನ್ನನ್ನು ಬಾಥೆಲ್ ಕಡೆಗೆ, ನಾರ್ತ್ ಕ್ರೀಕ್ ದಾಟಿ ಒಂದು ಮನೆಗೆ ಕರೆದುಕೊಂಡು ಹೋದ. ಹೊರಗಿನಿಂದ ಎಲ್ಲರ ಮನೆಯ ಹಾಗೇ ಇತ್ತು. ಒಳಗೆ ನಾಲ್ಕೈದು ಮಂದಿ ಮುದುಕರು, ಅವರನ್ನು ನೋಡಿಕೊಳ್ಳುವ ಇಬ್ಬರು. ಅದಕ್ಕೂ ಮೆಡಿಕೇಡ್ ಒಪ್ಪುತ್ತದೆಯಂತೆ, ಅರ್ಜಿ ಹೊಸದಾಗಿ ಹಾಕಬೇಕಂತೆ. ನೆಲ ಫಳಫಳ ಅನ್ನುತ್ತಿತ್ತು. ಸೂಪಿನ ವಾಸನೆ. ಮುದುಕರೆಲ್ಲಾ ಟಿವಿಯ ಕಡೆ ಮುಖ ಮಾಡಿ ಕುಳಿತಿದ್ದರು, ಒಬ್ಬರೂ ನೋಡುತ್ತಿರಲಿಲ್ಲ. ಅವರ ಶರ್ಟುಗಳಿಗೆ ಗುಂಡಿಯೇ ಇರಲಿಲ್ಲ. ಬೆನ್ನ ಹಿಂದೆ ಪಟ್ಟಿ ಅಂಟಿಸಿ ಮುಚ್ಚುವ ಹೊಲಿಗೆ, ಹಾಕುವವರಿಗೆ ಸುಲಭವಾಗಲಿ ಎಂದು. ಆ ಹೊಲಿಗೆಯನ್ನು ನಾನು ಅದುವರೆಗೆ ನೋಡಿರಲಿಲ್ಲ.

ನನಗೆ ತೋರಿಸಿದ ಕೋಣೆ ಚೆನ್ನಾಗಿತ್ತು. ಮಂಚ, ಬೀರು, ಬೇಲಿ ಕಾಣುವ ಕಿಟಕಿ. ಮಿಷನ್ ಇಡಲು ಜಾಗವಿದೆಯೇ ಎಂದು ಭಾಮೈದನ ಕೈಲಿ ಕೇಳಿಸಿದೆ. ಸೂಜಿ ಕತ್ತರಿ ಬೇಡ, ಬೇರೆಯವರಿಗೆ ಅಪಾಯ, ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ಕಾರಿನಲ್ಲಿ ಭಾಮೈದ ಮೆಲ್ಲಗೆ ಶುರುಮಾಡಿದ. "ನಮ್ಮನೇಲಿ ಎಲ್ಲಾ ರೂಮು ಮಹಡಿ ಮೇಲೆ ಭಾವ. ಇಲ್ದಿದ್ರೆ..."

"ನಿಮ್ಮನೆಗೆ ಬರ್ತೀನಿ ಅಂತ ನಾನೆಲ್ಲಿ ಹೇಳ್ದೆ."

"ಇಲ್ಲಿ ರಾತ್ರಿ ಹಗಲು ಯಾರಾದ್ರೂ ಇರ್ತಾರೆ. ಬಿದ್ರೆ ಎತ್ತೋರು ಇರ್ತಾರೆ."

"ಇನ್ನೊಂದು ಸಲ ಆ ಹೆಂಗಸನ್ನ ಕರ್ಸು."

"ಕರೆಸಿದ್ರೆ ನಿಜ ಹೇಳ್ತೀರಾ?"

"ಹೇಳ್ತೀನಿ. ಆ ಫೋನು ಬೇಡ. ನೀನೂ ಬೇಡ."

ಅವನಿಗೆ ಅರ್ಥವಾಗಲಿಲ್ಲ. ಸರ್ಕಾರವೇ ದುಡ್ಡು ಕೊಟ್ಟು ಕನ್ನಡದವರನ್ನು ಕೊಡುತ್ತಿರುವಾಗ ನಿಮ್ಮ ಹರುಕು ಮುರುಕು ಇಂಗ್ಲಿಷ್ ಯಾಕೆ ಎಂದು ದಾರಿಯುದ್ದಕ್ಕೂ ವಾದಿಸಿದ. ನಾನು ಮನೆ ಬರುವವರೆಗೂ ಹೊರಗೆ ನೋಡುತ್ತಾ ಕುಳಿತಿದ್ದೆ. ಆಗ ಇನ್ನೂ ನನಗೇ ಅದು ಸರಿಯಾಗಿ ತಿಳಿದಿರಲಿಲ್ಲ, ಅವನಿಗೆ ಏನೆಂದು ಹೇಳಲಿ?

ಬಿದ್ದ ವಿಷಯ ತಿಳಿಸಿದ್ದರಿಂದ ಅದೇ ಹೆಂಗಸು ಮತ್ತೆ ಬಂದಳು. ಫೋನನ್ನು ಮೇಜಿನ ಮೇಲೆ ಇಡುವುದರೊಳಗೆ ನಾನು ಎಡಗೈ ಅಡ್ಡ ಹಿಡಿದೆ.

"ನೋ ಫೋನ್. ಐ ಟಾಕ್."

ಅದು ನಿಮ್ಮ ಹಕ್ಕು, ಬಿಡಬೇಡಿ, ಎಂಬ ಅರ್ಥದಲ್ಲಿ ಏನೋ ಹೇಳಿದಳು. ನಾನು ತಲೆ ಅಲ್ಲಾಡಿಸಿದೆ. ಆ ಫೋನಿನ ಆ ಕಡೆ ಅದೇ ಹುಡುಗಿ ಇರಬಹುದಿತ್ತು. "ಅಂಕಲ್" ಎಂಬ ಒಂದು ಮಾತನ್ನಾದರೂ ಕೇಳಬೇಕೆಂದು ಒಳಗೊಳಗೇ ಆಸೆಯಿತ್ತು. ಆಕೆ ಫೋನನ್ನು ಚೀಲಕ್ಕೆ ಹಾಕಿದಳು.

ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಗಿರಾಕಿಗಳ ಜೊತೆ ಆಡಿ ಕಲಿತ ಇಂಗ್ಲಿಷು ನನ್ನದು. ಲಾಂಗ್, ಶಾರ್ಟ್, ಟೈಟ್, ಲೂಸ್, ಫ್ರೈಡೇ ರೆಡಿ. ಅಷ್ಟರಲ್ಲೇ ಹೇಳಬೇಕಿತ್ತು.

"ಬಟನ್, ನೋ," ಎಂದೆ. "ಲಾಸ್ಟ್ ಟೈಮ್, ಹೋಲ್ ಮಾರ್ನಿಂಗ್. ಟೀತ್." ಹಲ್ಲು ಮುಟ್ಟಿ ತೋರಿಸಿದೆ.

"ಬಾತ್, ನೋ. ಫಿಯರ್."

"ಟಾಯ್ಲೆಟ್?" ಎಂದು ಅವಳೇ ಕೇಳಿದಳು.

"ಸಮ್ ಟೈಮ್ ಲೇಟ್," ಎಂದೆ. "ಕ್ಲೀನ್, ನಾಟ್ ಗುಡ್."

ಹೇಳಿಬಿಟ್ಟೆ. ಗೋಡೆ ಬೀಳಲಿಲ್ಲ. ಆ ಮಾತುಗಳು ಬಾಡಿಗೆಗೆ ತಂದ ಕೋಟಿನ ಹಾಗಿದ್ದವು. ಮೈಮೇಲೆ ಇದ್ದರೂ ಮೈಗೆ ತಾಗುತ್ತಿರಲಿಲ್ಲ.

ಒಂದು ಗುಂಡಿ ಹಾಕಿ ತೋರಿಸುತ್ತೀರಾ ಎಂದು ಸನ್ನೆ ಮಾಡಿದಳು. ಅವತ್ತು ನಾನು ಶರ್ಟಿನ ಮುಂಭಾಗ ತೆರೆದೇ ಕುಳಿತಿದ್ದೆ. ಎಡಗೈಯಲ್ಲಿ ನೂಕಿದೆ, ಜಾರಿತು. ಮತ್ತೆ ನೂಕಿದೆ. ಅವಳು ಗಡಿಯಾರ ನೋಡಲಿಲ್ಲ, ಮುಖ ತಿರುಗಿಸಲೂ ಇಲ್ಲ. ನೋಡುವುದೇ ಅವಳ ಕೆಲಸ. ನನ್ನ ಬಲಗೈ ತೊಡೆಯ ಮೇಲೆ ಬೇರೆ ಯಾರದೋ ಕೈಯ ಹಾಗೆ ಬಿದ್ದಿತ್ತು. ಕೊನೆಗೆ ಅವಳು, "ಓಕೆ. ಥ್ಯಾಂಕ್ ಯೂ," ಎಂದು ಮೆಲ್ಲಗೆ ಹೇಳಿ ಟೈಪ್ ಮಾಡತೊಡಗಿದಳು.

ಗಂಟೆಗಳು ಮಂಜೂರಾದವು. ವಾರದ ಐದು ದಿನ ಬೆಳಗ್ಗೆ ಒಬ್ಬ ಬರತೊಡಗಿದ. ಇಥಿಯೋಪಿಯಾದವನು, ನಲವತ್ತು ದಾಟಿದವನು, ತಾಳ್ಮೆಯವನು. ನನ್ನನ್ನು ಪಾಪಾ ಎಂದು ಕರೆಯುತ್ತಾನೆ. ಟಬ್ಬಿನೊಳಗೆ ಒಂದು ಪ್ಲಾಸ್ಟಿಕ್ ಸ್ಟೂಲು ಬಂತು, ಗೋಡೆಗೆ ಹಿಡಿಕೆ ಬಂತು. ಮೊದಲ ದಿನ ನಾನು ಕಣ್ಣು ಮುಚ್ಚಿಕೊಂಡು ಕುಳಿತಿದ್ದೆ. ಬಿಸಿನೀರು ಬೆನ್ನ ಮೇಲೆ ಬಿದ್ದಾಗ, "ಸ್ವಲ್ಪ ಮೇಲೆ ಹಾಕಪ್ಪಾ," ಎಂದು ಬಾಯಿಗೆ ಬಂದುಬಿಟ್ಟಿತು. ನಾನು ಹೆಗಲು ಎತ್ತಿದ್ದನ್ನು ನೋಡಿ ಅವನು, "ಯೆಸ್ ಪಾಪಾ," ಎಂದು ಮೇಲೆ ಹಾಕಿದ.

ಹಾಗೆ ಶುರುವಾಯಿತು. ಮರುದಿನ ಕನ್ನಡದಲ್ಲೇ ಇನ್ನೊಂದು ಮಾತು ಆಡಿದೆ. ಅದರ ಮರುದಿನ ಮತ್ತೊಂದು. ಕತ್ತಲು ಕಾಯುತ್ತಾ ಕೂರುವ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗಿನ ಹೊತ್ತು ನನಗೆ ಹೆದರಿಕೆ ಎಂದು ಹೇಳಿದೆ. ಬಿದ್ದ ದಿನ ಟೈಲ್ಸಿನ ಮೇಲೆ ಮಲಗಿ ಹೆಂಡತಿಯ ಹೆಸರು ಕೂಗಿದೆ ಎಂದು ಹೇಳಿದೆ. ಆಸ್ಪತ್ರೆಯಲ್ಲಿ ಅವಳು ಕೊನೆಯ ಸಲ ನೀರು ಕೇಳಿದಾಗ ನಾನು ಕುರ್ಚಿಯಲ್ಲಿ ನಿದ್ದೆ ಹೋಗಿದ್ದೆ, ನರ್ಸು ಕೊಟ್ಟಳು, ಎಂದೂ ಹೇಳಿದೆ. ಅವನು ಬೆನ್ನು ಉಜ್ಜುತ್ತಾ "ಯೆಸ್ ಪಾಪಾ, ಯೆಸ್," ಎನ್ನುತ್ತಾನೆ. ಆಮೇಲೆ ಮೈ ಒರೆಸಿ, ಶರ್ಟು ತೊಡಿಸಿ, ಮೇಲಿನಿಂದ ಕೆಳಕ್ಕೆ ಒಂದೊಂದೇ ಗುಂಡಿ ಹಾಕುತ್ತಾನೆ. ಅಷ್ಟು ಹೊತ್ತೂ ನಾನು ಮಾತಾಡುತ್ತಲೇ ಇರುತ್ತೇನೆ.

ಶನಿವಾರ, ಭಾನುವಾರ ಅವನು ಬರುವುದಿಲ್ಲ. ಆ ಎರಡು ದಿನ ಬನಿಯನ್ನಿನ ಮೇಲೆ ಸ್ವೆಟರ್ ಎಳೆದುಕೊಂಡಿರುತ್ತೇನೆ.

ಒಂದು ಭಾನುವಾರ ಭಾಮೈದ ಸಾಮಾನು ಜೋಡಿಸುತ್ತಾ ಕೇಳಿದ. "ಹೇಗಿದಾನೆ ಭಾವ ನಿಮ್ಮ ಹೊಸಬ? ನೀವು ಅವನ ಜೊತೆ ತುಂಬಾ ಮಾತಾಡ್ತೀರಂತೆ. ಪಕ್ಕದ ಮನೆಯವರು ಸಿಕ್ಕಿದ್ರು, ಬೆಳಗ್ಗೆ ಬೆಳಗ್ಗೆ ನಿಮ್ಮ ದನಿ ಗೋಡೆ ದಾಟಿ ಕೇಳತ್ತೆ ಅಂದ್ರು. ಏನು ಮಾತಾಡ್ತೀರಿ?"

"ಏನಿಲ್ಲಪ್ಪ," ಎಂದೆ. "ಅವನಿಗೆಲ್ಲಿ ಬರತ್ತೆ ಕನ್ನಡ."